ಕರೆದವರ ಮನೆಗೆ ಕಾಗದ

ಅಂಚೆಯವನು ಬರುವ ಹೊತ್ತಿಗೆ ಮನೆಮಂದಿ ಜಗಲಿಯ ಮೇಲೆ ಕಾದು ಕುಳಿತಿರುತ್ತಿದ್ದ ಕಾಲವೊಂದಿತ್ತು. ಕಾಗದ ಯಾರದು, ಎಲ್ಲಿಯದು, ಶುಭವೋ ಅಶುಭವೋ ಎಂಬ ಕಾತರ ಎಲ್ಲರಿಗೂ. ಇಂದು ಕಾಗದ ಬಂದು ಬೀಳುವುದು ಅಂಗೈಯೊಳಗಿನ ಮೊಬೈಲಿಗೆ. ಅದೂ ಬೆಳಗಿನ ಕಾಫಿ ಮುಗಿಯುವುದರೊಳಗಾಗಿ ಹತ್ತಾರು. ಅವುಗಳಲ್ಲಿ ಬಂಧುಮಿತ್ರರವು ಒಂದೆರಡಾದರೆ ಉಳಿದುವೆಲ್ಲ ಬ್ಯಾಂಕು, ಅಂಗಡಿ, ವಿಮಾ ಕಂಪನಿ, ಪ್ರವಾಸದ ಏಜೆಂಟರು ಇವರಿಂದ ಬಂದವು. ಓದುವವನ ಬೆರಳು ಒಂದೊಂದನ್ನೂ ಅಳಿಸುತ್ತ ಸಾಗುತ್ತದೆ. ಹಾಗೆ ಸಾಗುವ ಬೆರಳು ಎಲ್ಲಿಯೋ ಒಂದು ಪತ್ರದ ಮುಂದೆ ತಡೆದು ನಿಲ್ಲುತ್ತದೆ, ಅದನ್ನು ತೆರೆಯುತ್ತದೆ. ಅಲ್ಲಿಯೇ ಅದು ಏಕೆ ನಿಂತಿತು? ತನ್ನ ವ್ಯಾಪಾರದ ಸಲುವಾಗಿ ಇಮೇಲ್ ಮೂಲಕ ವಾರ್ತಾಪತ್ರವನ್ನು ಕಳುಹಿಸಬಯಸುವ ಪ್ರತಿಯೊಬ್ಬ ವರ್ತಕನೂ ಮೊಟ್ಟಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದೇ.

ಎರಡು ಪಟ್ಟಿಗಳು

ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಪತ್ರವನ್ನು ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್; ಅದು 1971ರ ಮಾತು. ಹೆಸರಿಗೂ ನೆಲೆಗೂ ನಡುವೆ ‘ಅಟ್’ ಎಂಬ ಸುರುಳಿ ಚಿಹ್ನೆಯನ್ನು ಇಟ್ಟವರೂ ಅವರೇ. ಅಂದಿನ ಆ ಜಾಲಕ್ಕೆ ಆರ್ಪಾನೆಟ್ ಎಂದು ಹೆಸರು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಅದನ್ನು ಬಳಸುತ್ತಿದ್ದವರು ಹೆಚ್ಚಾಗಿ ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ವಿದ್ವಾಂಸರು. ವ್ಯಾಪಾರಕ್ಕೆ ಅಲ್ಲಿ ಎಡೆಯಿರಲಿಲ್ಲ.

1978ರ ಮೇ ತಿಂಗಳ ಮೊದಲ ವಾರದಲ್ಲಿ ಈ ಶಾಂತ ಕೊಳಕ್ಕೆ ಕಲ್ಲೊಂದು ಬಿದ್ದಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟದ ಹೊಣೆ ಹೊತ್ತಿದ್ದ ಗ್ಯಾರಿ ಥರ್ಕ್ ಎಂಬವರು, ಜಾಲದ ಬಳಕೆದಾರರ ಅಚ್ಚಾದ ವಿಳಾಸ ಪುಸ್ತಕದಿಂದ ಸುಮಾರು 400 ವಿಳಾಸಗಳನ್ನು ಆಯ್ದು, ತಮ್ಮ ಹೊಸ ಯಂತ್ರದ ಪ್ರದರ್ಶನಕ್ಕೆ ಬರಬೇಕೆಂದು ಎಲ್ಲರಿಗೂ ಒಂದೇ ಪತ್ರವನ್ನು ಕಳುಹಿಸಿದರು. ಪ್ರದರ್ಶನ ನಡೆಯಲಿದ್ದುದು ಕ್ಯಾಲಿಫೋರ್ನಿಯಾದ ಎರಡು ಊರುಗಳಲ್ಲಿ. ವಿಳಾಸಗಳ ಸಂಖ್ಯೆ ಎಷ್ಟು ಹೆಚ್ಚಾಗಿತ್ತೆಂದರೆ, ಅವು ತಮ್ಮ ಕಟ್ಟಿನಲ್ಲಿ ಹಿಡಿಸದೆ ಪತ್ರದ ಒಡಲಿನೊಳಕ್ಕೂ ಹರಿದುಬಂದುವು. ಓದಿದವರು ಕೆರಳಿದರು. ಜಾಲದ ಆಡಳಿತದಿಂದ ಕಂಪನಿಗೆ ಕಟುವಾದ ಎಚ್ಚರಿಕೆ ಬಂದಿತು. ಆ ಪತ್ರದಿಂದ ಕೋಟ್ಯಂತರ ರೂಪಾಯಿ ಬೆಲೆಯ ಯಂತ್ರಗಳು ಮಾರಾಟವಾದುವೆಂದು ಥರ್ಕ್ ಅವರೇ ಮುಂದೆ ಹೇಳಿಕೊಂಡುದುಂಟು. ಆದರೂ ಇತಿಹಾಸದಲ್ಲಿ ಆ ಪತ್ರಕ್ಕೆ ದೊರೆತ ಬಿರುದು ಬೇರೆ: ಕರೆಯದೆ ಬಂದ ಮೊದಲ ವ್ಯಾಪಾರೀ ಇಮೇಲ್ ಎಂದೇ ಅದನ್ನು ಇಂದಿಗೂ ನೆನೆಯುತ್ತಾರೆ. ಅಂತಹ ಪತ್ರಗಳಿಗೆ ‘ಸ್ಪ್ಯಾಮ್’ ಎಂಬ ಹೆಸರು ಅಂಟಿಕೊಂಡದ್ದು ಆಮೇಲೆ. ಅದು 1937ರಿಂದ ಮಾರಾಟದಲ್ಲಿರುವ ಡಬ್ಬಿಯ ಮಾಂಸವೊಂದರ ಹೆಸರು. 1970ರಲ್ಲಿ ಬ್ರಿಟಿಷ್ ದೂರದರ್ಶನದ ಹಾಸ್ಯ ಪ್ರಸಂಗವೊಂದರಲ್ಲಿ ಆ ಶಬ್ದವನ್ನೇ ಮತ್ತೆ ಮತ್ತೆ ಕೂಗಿ ಉಳಿದೆಲ್ಲರ ಮಾತನ್ನೂ ಮುಳುಗಿಸಿಬಿಡುತ್ತಾರೆ. ಹೆಸರು ಬಂದುದು ಆ ಪ್ರಸಂಗದಿಂದ.

ಎರಡನೆಯ ಪಟ್ಟಿ 1995ರದು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆಲೆಸಿದ್ದ ಕ್ರೇಗ್ ನ್ಯೂಮಾರ್ಕ್ ಎಂಬ ಕಂಪ್ಯೂಟರ್ ತಜ್ಞರು ಊರಿನಲ್ಲಿ ನಡೆಯುವ ಕಲೆ ಮತ್ತು ತಂತ್ರಜ್ಞಾನದ ಕೂಟಗಳ ಸುದ್ದಿಯನ್ನು ಕೆಲವೇ ಸ್ನೇಹಿತರಿಗೆ ಇಮೇಲ್ ಮೂಲಕ ತಿಳಿಸತೊಡಗಿದರು. ಅವರು ಯಾವ ವಿಳಾಸ ಪುಸ್ತಕವನ್ನೂ ತಿರುವಿ ಹಾಕಲಿಲ್ಲ. ಓದಿದ ಸ್ನೇಹಿತರು ತಮ್ಮ ಸ್ನೇಹಿತರಿಗೆ ಹೇಳಿದರು. ಅವರು ತಮಗೂ ಕಳುಹಿಸಿರೆಂದು ಕೇಳಿದರು. ಕೆಲವರು ಖಾಲಿಯಿರುವ ಮನೆಗಳ, ಕೆಲಸಗಳ ಸುದ್ದಿಯನ್ನೂ ಸೇರಿಸಿರೆಂದರು. ಪಟ್ಟಿ 240 ಹೆಸರುಗಳ ಸುಮಾರಿಗೆ ಬೆಳೆದಾಗ ಅವರ ಸಾಮಾನ್ಯ ಇಮೇಲ್ ಸಾಧನ ಅದರ ಭಾರವನ್ನು ತಾಳಲಾರದೆ ಹೋಯಿತು. ಆ ಪುಟ್ಟ ಪಟ್ಟಿಯೇ ಮುಂದೆ ‘ಕ್ರೇಗ್ಸ್‌ಲಿಸ್ಟ್’ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು; 1999ರಲ್ಲಿ ಕಂಪನಿಯಾಗಿ ನೋಂದಣಿಯಾಯಿತು.

ಎರಡು ಪಟ್ಟಿಗಳಲ್ಲಿಯೂ ಇದ್ದುದು ಕೆಲವು ನೂರು ಹೆಸರುಗಳು. ಬಳಸಿದ ಸಾಧನವೂ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಮೊದಲನೆಯ ಪಟ್ಟಿಯವರು ಪತ್ರವನ್ನು ಬಯಸಿರಲಿಲ್ಲ. ಎರಡನೆಯ ಪಟ್ಟಿಯವರು ಕೇಳಿ ತರಿಸಿಕೊಂಡರು. ವಾರ್ತಾಪತ್ರದ ವಿದ್ಯೆಯ ತಿರುಳೆಲ್ಲ ಈ ಒಂದು ಭೇದದಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು. ಸೊಗಸಾದ ಚಿತ್ರ, ಬಣ್ಣದ ಅಕ್ಷರ, ಚಮತ್ಕಾರದ ಮಾತು ಇವೆಲ್ಲ ಅನಂತರದವು.

ಹೆಸರು ಕೊಡುವವರು, ಹೆಸರು ಮಾರುವವರು

ಉದಾಹರಣೆಗೆ, ಚಿಕ್ಕಮಗಳೂರಿನ ಕಡೆಯ ಒಬ್ಬ ಕಾಫಿಪುಡಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಬೀಜವನ್ನು ತಾನೇ ಹುರಿದು, ಪುಡಿ ಮಾಡಿಸಿ, ಅಂಗಡಿಯಲ್ಲಿಯೂ ಅಂಚೆಯ ಮೂಲಕವೂ ಮಾರುವವನು. ಬೆಂಗಳೂರು, ಮುಂಬಯಿ, ಅಲ್ಲಿಂದಾಚೆಗೂ ಅವನ ಗಿರಾಕಿಗಳಿದ್ದಾರೆ. ಅವರೆಲ್ಲರನ್ನೂ ತಿಂಗಳಿಗೊಮ್ಮೆ ಮಾತನಾಡಿಸಬೇಕೆಂಬುದು ಅವನ ಆಸೆ.

ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಿದರಾಗದೆ ಎಂದು ಕೇಳಬಹುದು. ಅದೂ ಆಗಲಿ. ಆದರೆ ಅದು ಪರರ ಗೋಡೆಯ ಮೇಲೆ ಅಂಟಿಸಿದ ಭಿತ್ತಿಪತ್ರ. ಯಾರಿಗೆ ತೋರಿಸಬೇಕು, ಯಾರಿಗೆ ಮುಚ್ಚಬೇಕು ಎಂಬುದನ್ನು ನಿರ್ಣಯಿಸುವವನು ಗೋಡೆಯ ಯಜಮಾನ. ವಿಳಾಸದ ಪಟ್ಟಿ ಹಾಗಲ್ಲ. ಅದು ಕಿರ್ದಿ ಖಾತೆಯಂತೆ ವರ್ತಕನ ಬಳಿಯೇ ಇರತಕ್ಕದ್ದು. ಪತ್ರ ಕಳುಹಿಸಿಕೊಡುವ ಕಂಪನಿಯನ್ನು ಬದಲಾಯಿಸಿದರೂ ಪಟ್ಟಿ ಅವನೊಡನೆಯೇ ಬರುತ್ತದೆ.

ಈ ಪಟ್ಟಿ ಬೆಳೆಯಬೇಕಾದ ಮಾರ್ಗ ಒಂದೇ: ಗಿರಾಕಿ ತಾನಾಗಿ ಹೆಸರು ಕೊಡಬೇಕು. ಅಂಗಡಿಯ ಗಲ್ಲಾದ ಬಳಿ ಒಂದು ಪುಸ್ತಕ, ಪೊಟ್ಟಣದೊಡನೆ ಒಂದು ಚೀಟಿ, ಜಾಲತಾಣದಲ್ಲಿ ಒಂದು ಚಿಕ್ಕ ಚೌಕ, ಇಷ್ಟು ಸಾಕು. ಅಲ್ಲಿ ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಿರಬೇಕು: ಏನನ್ನು ಕಳುಹಿಸಲಾಗುವುದು, ಎಷ್ಟು ದಿನಕ್ಕೊಮ್ಮೆ ಕಳುಹಿಸಲಾಗುವುದು, ಬೇಡವಾದಾಗ ನಿಲ್ಲಿಸುವುದು ಹೇಗೆ. ಹೆಸರು ಬಂದೊಡನೆ ‘ಇದು ತಮ್ಮದೇ ವಿಳಾಸವೆ? ಹೌದಾದರೆ ಈ ಕೊಂಡಿಯನ್ನು ಒತ್ತಿರಿ’ ಎಂದು ದೃಢೀಕರಣದ ಪತ್ರವೊಂದನ್ನು ಕಳುಹಿಸುವ ಪದ್ಧತಿಯುಂಟು. ಒತ್ತಿದವರಷ್ಟೇ ಪಟ್ಟಿಗೆ ಸೇರುತ್ತಾರೆ. ತಪ್ಪಾಗಿ ಬರೆದ ವಿಳಾಸಗಳೂ, ಇನ್ನಾರೋ ಕುಚೇಷ್ಟೆಗೆ ಬರೆದ ಹೆಸರುಗಳೂ ಇದರಿಂದ ಬಾಗಿಲಲ್ಲಿಯೇ ಸೋಸಿಹೋಗುತ್ತವೆ. ಹೀಗೆ ಸೇರಿದವರಿಗೆ ಆ ದಿನವೇ ಸ್ವಾಗತದ ಪತ್ರ ಹೋಗಬೇಕು. ಹೆಸರು ಕೊಟ್ಟವರು ಮೂರು ತಿಂಗಳು ಸುದ್ದಿಯಿಲ್ಲದೆ ಕಳೆದರೆ, ಕೊಟ್ಟುದನ್ನೇ ಮರೆತು, ಬಂದ ಪತ್ರವನ್ನು ಅಪರಿಚಿತನದೆಂದು ದೂರುತ್ತಾರೆ.

ಕಾನೂನು ಕೂಡ ಇದೇ ದಾರಿಯನ್ನು ಹಿಡಿದಿದೆ. ಅಮೆರಿಕದ 2003ರ ಶಾಸನದಂತೆ ವ್ಯಾಪಾರೀ ಇಮೇಲಿನಲ್ಲಿ ಕಳುಹಿಸಿದವರ ನಿಜವಾದ ಅಂಚೆ ವಿಳಾಸವಿರಬೇಕು. ಬೇಡವೆಂದವರ ಹೆಸರನ್ನು ಕೆಲಸದ 10 ದಿನಗಳೊಳಗೆ ತೆಗೆಯಬೇಕು. 2018ರ ಮೇ 25ರಂದು ಜಾರಿಗೆ ಬಂದ ಯೂರೋಪಿನ ನಿಯಮ ಇನ್ನೂ ಬಿಗಿಯಾದುದು. ಚೌಕದಲ್ಲಿ ವರ್ತಕನೇ ಮೊದಲೇ ಗುರುತು ಹಾಕಿಟ್ಟಿದ್ದರೆ ಅದು ಒಪ್ಪಿಗೆಯಲ್ಲವೆಂದು 2019ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ತೀರ್ಪಿತ್ತಿತು. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಅವಧಿ ದೊರೆತಿದೆ. ಒಪ್ಪಿಗೆ ಸ್ವತಂತ್ರವಾಗಿಯೂ ಸ್ಪಷ್ಟವಾಗಿಯೂ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಬರಬೇಕು ಎಂಬುದು ಅದರ ಆಶಯ. ಒಪ್ಪಿಗೆಯನ್ನು ಕೇಳುವ ಮಾತು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದಲು ದೊರೆಯಬೇಕೆಂದೂ ಅದು ಹೇಳುತ್ತದೆ. ಕನ್ನಡದ ಗಿರಾಕಿ ಕನ್ನಡದಲ್ಲಿಯೇ ಓದಿ ಒಪ್ಪಬಹುದು ಎಂಬುದು ಸಣ್ಣ ಮಾತಲ್ಲ.

ಬರೆಯಬೇಕಾದುದು ಏನು?

ಅಮೆರಿಕದ ಜಾನ್ ಡೀರ್ ಕಂಪನಿ ನೇಗಿಲು ಮಾರುವುದರಲ್ಲಿ ಹೆಸರು ಪಡೆದುದು. 1895ರಲ್ಲಿ ಅದು ‘ದಿ ಫರೋ’ ಎಂಬ ಪತ್ರಿಕೆಯನ್ನು ಆರಂಭಿಸಿತು; ‘ನೇಗಿಲ ಸಾಲು’ ಎಂದು ಅದರ ಅರ್ಥ. ನೇಗಿಲನ್ನು ಹೊಗಳುವುದಷ್ಟೇ ಉದ್ದೇಶವಾಗಿದ್ದರೆ ಅದು ಒಂದೆರಡು ವರ್ಷಗಳಲ್ಲಿ ಮಣ್ಣುಗೂಡುತ್ತಿತ್ತು. ಬೇಸಾಯಗಾರನಿಗೆ ಬೇಸಾಯದ ಬಗ್ಗೆ ತಿಳಿವಳಿಕೆ ಕೊಡುವುದನ್ನು ಅದು ವ್ರತವಾಗಿ ಹಿಡಿಯಿತು. ನೂರಿಪ್ಪತ್ತೈದು ವರ್ಷ ದಾಟಿದರೂ ಇನ್ನೂ ಉಳಿದುಬಂದಿದೆ. ಇಮೇಲ್ ಎಂಬ ಶಬ್ದವೇ ಹುಟ್ಟುವುದಕ್ಕೆ ಮುಂಚಿನ ಈ ಪಾಠ ಇಮೇಲಿಗೂ ಸಲ್ಲುತ್ತದೆ. ಓದುಗನ ಕೆಲಸಕ್ಕೆ ಬರುವ ಮಾತು ಮೊದಲು, ಮಾರಾಟದ ಮಾತು ಅನಂತರ.

ಕಾಫಿಪುಡಿಯ ವರ್ತಕನಿಗೆ ಹೇಳಲು ವಿಷಯಗಳಿಗೇನು ಕೊರತೆ? ನವೆಂಬರಿನ ಹೊತ್ತಿಗೆ ಅರೇಬಿಕಾ ಹಣ್ಣಿನ ಕೊಯ್ಲು ಆರಂಭವಾಗುತ್ತದೆ. ರೊಬಸ್ಟಾದ ಸರದಿ ಅದರ ಹಿಂದೆ. ಇವೆರಡರ ರುಚಿಗೆ ಏನು ಭೇದವೆಂಬುದು ಒಂದು ಪತ್ರ. ಬೇಸಗೆಯ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟವೆಲ್ಲ ಬೆಳ್ಳನೆಯ ಹೂವಾಗಿ ಮಲ್ಲಿಗೆಯಂತೆ ಕಂಪು ಬೀರುತ್ತದೆ. ಆ ಮಳೆ ಕೈಕೊಟ್ಟರೆ ಮುಂದಿನ ಫಸಲೇ ಸೊರಗುತ್ತದೆ. ಅದು ಮತ್ತೊಂದು ಪತ್ರ. ಚಿಕೋರಿ ಬೆರೆಸುವುದೇಕೆ, ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಮೆಯಾಗಬಾರದೆಂಬ ನಿಯಮ, ಪೊಟ್ಟಣದ ಮೇಲೆ ಅದನ್ನು ಓದಿಕೊಳ್ಳುವ ಬಗೆ, ಇದು ಇನ್ನೊಂದು. ಮಳೆಗಾಲದಲ್ಲಿ ಪುಡಿ ಗಾಳಿಯ ತೇವವನ್ನು ಹೀರಿ ಮುಗ್ಗದಂತೆ ಕಾಪಾಡುವುದು ಹೇಗೆಂಬುದು ಮಗುದೊಂದು. ಇಂತಹ ಪತ್ರವನ್ನು ಓದಿದ ಗೃಹಿಣಿಗೆ ಏನನ್ನೂ ಕೊಳ್ಳದಿದ್ದರೂ ಲಾಭವಾಯಿತು. ಪುಡಿ ಮುಗಿದ ದಿನ ಅವಳಿಗೆ ನೆನಪಾಗುವ ಅಂಗಡಿ ಯಾವುದೆಂದು ಬೇರೆ ಹೇಳಬೇಕಾದುದಿಲ್ಲ.

ಒಂದು ಪತ್ರಕ್ಕೆ ಒಂದೇ ವಿಷಯವಿರುವುದು ಲೇಸು. ಹತ್ತು ಸರಕುಗಳನ್ನೂ ಹತ್ತು ಕೊಂಡಿಗಳನ್ನೂ ತುಂಬಿದರೆ ಓದುಗನಿಗೆ ಯಾವ ಬಾಗಿಲಿನಿಂದ ಹೊಗಬೇಕೆಂಬುದೇ ತೋರದು. ಹೇಳಬೇಕಾದುದನ್ನು ಹೇಳಿದ ಮೇಲೆ ‘ಹೊಸ ಕೊಯ್ಲಿನ ಪುಡಿ ಬಂದಿದೆ, ಬೇಕಾದವರು ಇಲ್ಲಿ ತಿಳಿಸಬಹುದು’ ಎಂಬ ಒಂದೇ ಸಾಲು, ಒಂದೇ ಕೊಂಡಿ ಸಾಕು. ಬೀಜವನ್ನೇ ಕೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳುವವರಿಗೆ ಒಂದು ಪತ್ರ, ಪುಡಿ ಕೊಳ್ಳುವವರಿಗೆ ಇನ್ನೊಂದು ಎಂದು ಪಟ್ಟಿಯನ್ನು ವಿಭಾಗಿಸಿಕೊಂಡರೆ ಮತ್ತೂ ಒಳ್ಳೆಯದು. ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಮಾತನಾಡುವ ಜಾಣ್ಮೆಯೇ ಇಲ್ಲಿಯೂ ಬೇಕಾದುದು.

ಲಕೋಟೆಯ ಮೇಲಿನ ಬರೆಹ

ಪತ್ರ ಎಷ್ಟೇ ಚೆನ್ನಾಗಿರಲಿ, ತೆರೆಯದ ಪತ್ರದಿಂದ ಪ್ರಯೋಜನವಿಲ್ಲ. ತೆರೆಯುವ ಮುನ್ನ ಓದುಗನಿಗೆ ಕಾಣುವುದು ಮೂರೇ: ಕಳುಹಿಸಿದವರ ಹೆಸರು, ವಿಷಯದ ಸಾಲು, ಅದರ ಪಕ್ಕದಲ್ಲಿ ಇಣುಕುವ ಪತ್ರದ ಮೊದಲ ಮಾತು. ಹೆಸರು ಗಿರಾಕಿ ಬಲ್ಲ ಅಂಗಡಿಯ ಹೆಸರೇ ಆಗಿರಲಿ. ತಿಂಗಳಿಗೊಂದು ವೇಷ ಬೇಡ. ಮೊಬೈಲಿನ ಕಿರಿದಾದ ತೆರೆಯ ಮೇಲೆ ಉದ್ದನೆಯ ಸಾಲು ನಡುವೆಯೇ ತುಂಡಾಗುವುದರಿಂದ ಮುಖ್ಯವಾದ ಶಬ್ದ ಮೊದಲಿಗೇ ಬರಬೇಕು. ‘ಅದ್ಭುತ ಅವಕಾಶ! ಈಗಲೇ ತೆರೆಯಿರಿ!’ ಎಂಬುದಕ್ಕಿಂತ ‘ಮಳೆಗಾಲದಲ್ಲಿ ಕಾಫಿಪುಡಿ ಮುಗ್ಗದಿರಲು’ ಎಂಬುದು ಎಷ್ಟೋ ಮೇಲು. ಮೊದಲನೆಯದು ಕೂಗು, ಎರಡನೆಯದು ಮಾತು.

ಹಳೆಯ ಪತ್ರಕ್ಕೆ ಉತ್ತರವೆಂಬಂತೆ ನಟಿಸುವ ಸಾಲು, ಹಣ ಬಾಕಿಯಿದೆಯೆಂದು ಬೆದರಿಸುವ ಸಾಲು ಇವುಗಳಿಂದ ಒಮ್ಮೆ ಓದುಗನನ್ನು ಒಳಗೆಳೆಯಬಹುದು. ಆದರೆ ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಗತಿಯೇ ಮರುದಿನ ಆ ವರ್ತಕನಿಗೆ. ಮೋಸದ ವಿಷಯದ ಸಾಲನ್ನು ಮೇಲೆ ಹೇಳಿದ ಅಮೆರಿಕದ ಶಾಸನವೂ ನಿಷೇಧಿಸಿದೆ.

ಯಾವ ಸಾಲು ಗೆಲ್ಲುವುದೆಂದು ಮೊದಲೇ ಹೇಳಬಲ್ಲವರು ವಿರಳ. ಅಮೆರಿಕದ 2012ರ ಅಧ್ಯಕ್ಷ ಚುನಾವಣೆಯಲ್ಲಿ ಬರಾಕ್ ಒಬಾಮಾ ಅವರ ಪ್ರಚಾರ ತಂಡದವರು ದೇಣಿಗೆ ಕೋರುವ ಪತ್ರಗಳನ್ನು ಹಲವು ವಿಧವಾಗಿ ಬರೆದು, ಪಟ್ಟಿಯ ಚಿಕ್ಕ ಚಿಕ್ಕ ಭಾಗಗಳಿಗೆ ಕಳುಹಿಸಿ ನೋಡಿ, ಗೆದ್ದುದನ್ನು ಉಳಿದವರಿಗೆಲ್ಲ ಕಳುಹಿಸುತ್ತಿದ್ದರು. ‘ಎದುರಾಳಿಗಳು ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ’ ಎಂಬರ್ಥದ ಸಾಲನ್ನು ಹೊತ್ತ ಒಂದು ಪತ್ರ 26 ಲಕ್ಷ ಡಾಲರಿಗೂ ಮಿಕ್ಕಿ ದೇಣಿಗೆ ತಂದಿತು. ಅದೇ ದಿನ ಪರೀಕ್ಷಿಸಿದ ಸಾಲುಗಳಲ್ಲಿ ಅತಿ ದುರ್ಬಲವಾದುದನ್ನು ಕಳುಹಿಸಿದ್ದರೆ 4 ಲಕ್ಷದಷ್ಟು ಮಾತ್ರ ಬರುತ್ತಿತ್ತೆಂದು ಅವರ ಅಂದಾಜು. ಯಾವುದು ಗೆದ್ದೀತೆಂಬ ತಮ್ಮ ಊಹೆಗಳು ಮತ್ತೆ ಮತ್ತೆ ಸುಳ್ಳಾದುವೆಂದು ಆ ತಂಡದವರೇ ಒಪ್ಪಿಕೊಂಡರು. ಆದರೆ ಅವರ ಪಟ್ಟಿಯಲ್ಲಿ ಲಕ್ಷಗಟ್ಟಲೆ ಹೆಸರುಗಳಿದ್ದುವು. ಕೇವಲ 500 ಹೆಸರುಗಳಿರುವ ವರ್ತಕನಿಗೆ ಒಂದು ಸಾಲಿನಿಂದ ನಾಲ್ವರು ಹೆಚ್ಚಾಗಿ ಬಂದರೆ ಅದು ಸಾಲಿನ ಗುಣವೋ ಕಾಕತಾಳೀಯವೋ ಹೇಳಲು ಬರುವುದಿಲ್ಲ. ಅಂತಹವನು ಪರೀಕ್ಷೆಗಿಂತ ಗಿರಾಕಿಗಳ ಉತ್ತರಗಳನ್ನು ಓದುವುದೇ ವಾಸಿ. ಆದುದರಿಂದ ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂಬ ಒಕ್ಕಣೆ ವಾರ್ತಾಪತ್ರಕ್ಕೆ ತಕ್ಕುದಲ್ಲ. ಮಾತನಾಡಿಸಿ ಬಾಗಿಲು ಹಾಕಿಕೊಳ್ಳುವುದು ಯಾವ ಸೌಜನ್ಯ?

ಪತ್ರದ ಒಡಲೂ ಸರಳವಾಗಿರಬೇಕು. ಎಲ್ಲವನ್ನೂ ಒಂದೇ ದೊಡ್ಡ ಚಿತ್ರವಾಗಿಸಿ ಕಳುಹಿಸುವವರಿದ್ದಾರೆ. ಚಿತ್ರ ತೆರೆದುಕೊಳ್ಳದಿದ್ದರೆ ಓದುಗನಿಗೆ ಕಾಣುವುದು ಬರಿಯ ಖಾಲಿ ಚೌಕ; ಕಣ್ಣು ಕಾಣದವರಿಗೆ ಬರೆಹವನ್ನು ಓದಿ ಹೇಳುವ ಸಾಧನಕ್ಕೂ ಅದರಲ್ಲಿ ಓದಲು ಏನೂ ಸಿಗದು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸುವುದು ಅವಶ್ಯ. ಹಳೆಯ ಬಗೆಯ ಅಕ್ಷರಶೈಲಿಗಳಲ್ಲಿ ಬರೆದುದು, ಆ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪತ್ರದ ಒಡಲು ಸುಮಾರು 102 ಕಿಲೋಬೈಟ್‌ಗಳನ್ನು ಮೀರಿದರೆ ಜಿಮೇಲ್ ಅದನ್ನು ನಡುವೆಯೇ ಕತ್ತರಿಸಿ ತೋರಿಸುತ್ತದೆ. ಹಾಗೆ ಕಣ್ಮರೆಯಾಗುವ ತುದಿಯಲ್ಲಿಯೇ ಹೊರಹೋಗುವ ಕೊಂಡಿಯೂ ಇರುವುದುಂಟು.

ಸಾವಿರಕ್ಕೆ ಮೂವರು

ಈ ಎಲ್ಲ ಜಾಗರೂಕತೆಯಿಂದ ನಡೆದ ನಮ್ಮ ಕಾಫಿಪುಡಿಯ ವರ್ತಕನ ಬಳಿ ಎರಡು ವರ್ಷಗಳಲ್ಲಿ 800 ಹೆಸರುಗಳು ಸೇರಿದುವೆಂದು ಭಾವಿಸೋಣ. ದೀಪಾವಳಿ ಹತ್ತಿರ ಬಂದಿದೆ. ಗೋದಾಮಿನಲ್ಲಿ ಸರಕು ತುಂಬಿದೆ. ಅಷ್ಟರಲ್ಲಿ ದಲ್ಲಾಳಿಯೊಬ್ಬ ಬಂದು, ‘50,000 ವಿಳಾಸಗಳ ಪಟ್ಟಿಯಿದೆ, ಸುಲಭ ಬೆಲೆಗೆ ಕೊಡುತ್ತೇನೆ. ನೂರಕ್ಕೆ ಒಬ್ಬ ಕೊಂಡರೂ ತಮಗೆ 500 ಹೊಸ ಗಿರಾಕಿಗಳಾದರಲ್ಲ!’ ಎನ್ನುತ್ತಾನೆ. ಲೆಕ್ಕ ಕಿವಿಗೆ ಇಂಪಾಗಿಯೇ ಇದೆ. ಥರ್ಕ್ ಅವರಿಗೂ ಅಂತಹ ಪತ್ರದಿಂದ ಲಾಭವಾಗಲಿಲ್ಲವೆ?

ಆದರೆ 1978ರ ಜಾಲ ಬೇರೆ, ಇಂದಿನದು ಬೇರೆ. ಇಂದು ಪ್ರತಿ ಅಂಚೆಪೆಟ್ಟಿಗೆಯ ಬಾಗಿಲಲ್ಲಿಯೂ ಕಾವಲುಗಾರನಿದ್ದಾನೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಂಪನಿಗಳು ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಕಟ್ಟುಪಾಡುಗಳನ್ನು ವಿಧಿಸಿವೆ; ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಪತ್ರಗಳನ್ನು ಕಳುಹಿಸುವವರು ಗೂಗಲಿನ ಲೆಕ್ಕದಲ್ಲಿ ಈ ವರ್ಗದವರು. ಪತ್ರ ನಿಜವಾಗಿಯೂ ಹೇಳಿಕೊಂಡವರಿಂದಲೇ ಬಂದುದೆಂಬುದನ್ನು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವ್ಯವಸ್ಥೆಗಳಿಂದ ಸಿದ್ಧಪಡಿಸಬೇಕು. ಮೊದಲನೆಯದು, ಆ ಹೆಸರಿನಲ್ಲಿ ಪತ್ರ ಒಯ್ಯಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಬಹಿರಂಗ ಪಟ್ಟಿ. ಎರಡನೆಯದು ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ. ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಸಾಕ್ಷಿ. ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬ ಯಜಮಾನನ ಅಪ್ಪಣೆ ಮೂರನೆಯದು. ಬೇಡವೆನ್ನುವವರು ಒಂದೇ ಒತ್ತಿನಿಂದ ಹೊರಹೋಗುವಂತಿರಬೇಕು. ಅವರ ಕೋರಿಕೆ ಎರಡು ದಿನಗಳಲ್ಲಿ ನೆರವೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪತ್ರ ಪಡೆದವರಲ್ಲಿ ‘ಇದು ಸ್ಪ್ಯಾಮ್’ ಎಂದು ದೂರುವವರ ಪ್ರಮಾಣ ನೂರಕ್ಕೆ 0.3ನ್ನು ಮುಟ್ಟಬಾರದು, 0.1ರ ಕೆಳಗಿದ್ದರೆ ಕ್ಷೇಮ.

ನೂರಕ್ಕೆ 0.3 ಎಂದರೆ ಸಾವಿರಕ್ಕೆ ಮೂವರು. ಕೊಂಡ ಪಟ್ಟಿಯ 50,000 ಮಂದಿಯಲ್ಲಿ 150 ಜನ ಬೇಸತ್ತು ಆ ಗುಂಡಿಯನ್ನು ಒತ್ತಿದರೆ ಮಿತಿ ಮುಟ್ಟಿಹೋಯಿತು. ಹೆಸರನ್ನೇ ಕೇಳಿರದ ಅಂಗಡಿಯಿಂದ ಪತ್ರ ಬಂದಾಗ ಹಾಗೆ ಒತ್ತುವವರು ಅಷ್ಟೇ ಇದ್ದಾರೆಯೆ? ಅದೂ ಅಲ್ಲದೆ ಅಂತಹ ಪಟ್ಟಿಗಳಲ್ಲಿ ಸತ್ತ ವಿಳಾಸಗಳು ಬಹಳ. ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯುವುದಕ್ಕೆಂದೇ ಇಟ್ಟ ಬಲೆಯ ವಿಳಾಸಗಳೂ ಉಂಟು. ಬಲೆಗೆ ಬಿದ್ದೊಡನೆ ಕಾವಲುಗಾರ ದಂಡಿಸುವುದು ಆ ಒಂದು ಪತ್ರವನ್ನಲ್ಲ. ಆ ಅಂಗಡಿಯ ಹೆಸರನ್ನು. ಅಲ್ಲಿಂದ ಮುಂದೆ ಹಳೆಯ 800 ಜನರಿಗೆ ಹೋಗುವ ಪತ್ರವೂ ಕಸದ ಬುಟ್ಟಿಗೆ ಬೀಳತೊಡಗುತ್ತದೆ. ‘ತಮ್ಮ ಹಣ ಸಂದಿದೆ, ಪೊಟ್ಟಣ ಹೊರಟಿದೆ’ ಎಂಬ ರಸೀದಿಯೂ ತಲುಪದೆ ಹೋದೀತು. ಹಣ ಕಟ್ಟಿ ಸುದ್ದಿ ಕಾಣದ ಗಿರಾಕಿ ಗಾಬರಿಯಾಗಿ ದೂರವಾಣಿ ಮಾಡಿ ‘ಇದೇನು ಮೋಸ’ ಎಂದು ಕೇಳುವ ದಿನ ಬರುತ್ತದೆ. ಬಾರದ 500 ಗಿರಾಕಿಗಳ ಆಸೆಗೆ ಇದ್ದ 800 ಜನರ ನಂಬಿಕೆಯನ್ನು ಒತ್ತೆಯಿಟ್ಟಂತಾಯಿತು. ಕಳೆದ ಹಣವನ್ನು ಮುಂದಿನ ಕೊಯ್ಲಿನಲ್ಲಿ ಗಳಿಸಬಹುದು. ಕೆಟ್ಟ ಹೆಸರನ್ನು ತೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೋಗುವವರಿಗೆ ಬಾಗಿಲು

ತಾವಾಗಿ ಹೆಸರು ಕೊಟ್ಟವರ ತಾಳ್ಮೆಗೂ ಮಿತಿಯುಂಟು. ದಿನಾ ಸಾಯುವವರಿಗೆ ಅಳುವವರಾರು ಎಂಬಂತೆ, ದಿನವೂ ‘ಇದೇ ಕೊನೆಯ ಅವಕಾಶ’ ಎನ್ನುವ ಅಂಗಡಿಯ ಮಾತಿಗೆ ಕಿವಿಗೊಡುವವರಿಲ್ಲ. ತಿಂಗಳಿಗೊಮ್ಮೆ ಎಂದು ಹೇಳಿದ್ದರೆ ತಿಂಗಳಿಗೊಮ್ಮೆಯೇ ಸರಿ. ಹೇಳಲು ಏನೂ ಇಲ್ಲದ ತಿಂಗಳು ಚಿಕ್ಕದಾಗಿ ಬರೆದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ.

ಎಷ್ಟು ಜನ ಪತ್ರವನ್ನು ತೆರೆದರೆಂಬ ಲೆಕ್ಕವನ್ನು ಅನೇಕ ವರ್ತಕರು ಜಪಮಾಲೆಯಂತೆ ಎಣಿಸುತ್ತಾರೆ. ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಇಟ್ಟು, ಅದು ತೆರೆದುಕೊಂಡಾಗ ಎಣಿಸುವುದು ಇದರ ರೀತಿ. 2021ರ ಸೆಪ್ಟೆಂಬರಿನಿಂದ ಆ್ಯಪಲ್ ಕಂಪನಿಯ ಮೇಲ್ ಸಾಧನ, ಗೋಪ್ಯತೆಯ ರಕ್ಷಣೆ ಬೇಕೆಂದವರ ಪತ್ರಗಳಲ್ಲಿಯ ಚಿತ್ರಗಳನ್ನು, ಓದುಗ ತೆರೆಯಲಿ ಬಿಡಲಿ, ತಾನೇ ಮುಂಚಿತವಾಗಿ ತರಿಸಿಡುತ್ತದೆ. ಹೀಗಾಗಿ ಓದದ ಪತ್ರವೂ ಓದಿದುದರ ಲೆಕ್ಕಕ್ಕೆ ಸೇರುತ್ತದೆ. ಇದಕ್ಕಿಂತ ನಂಬಬಹುದಾದ ಅಳತೆಗಳು ಬೇರೆ ಇವೆ: ಕೊಂಡಿಯನ್ನು ಒತ್ತಿದವರೆಷ್ಟು, ಉತ್ತರ ಬರೆದವರೆಷ್ಟು, ಕೊಂಡವರೆಷ್ಟು, ಬಿಟ್ಟುಹೋದವರೆಷ್ಟು.

ಬಿಟ್ಟುಹೋಗುವವರನ್ನು ಕಂಡು ವರ್ತಕನಿಗೆ ಮನಸ್ಸು ಕೆಡುವುದು ಸಹಜ. ಕೆಲವರು ಹೊರಹೋಗುವ ಕೊಂಡಿಯನ್ನು ಬಿಳಿಯ ಹಾಳೆಯ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಬಚ್ಚಿಡುವುದೂ ಇದೇ ಭಯದಿಂದ. ಆದರೆ ಬಾಗಿಲು ಕಾಣದ ಅತಿಥಿ ಸುಮ್ಮನೆ ಕುಳಿತಿರುವುದಿಲ್ಲ. ದೂರುವ ಗುಂಡಿಯನ್ನು ಒತ್ತುತ್ತಾನೆ, ಅದು ಯಾವಾಗಲೂ ಎದುರಿಗೇ ಇರುತ್ತದೆ. ನಗುಮುಖದಿಂದ ಬೀಳ್ಕೊಟ್ಟವನು ಮುಂದೊಂದು ದಿನ ಅಂಗಡಿಯ ಮೆಟ್ಟಿಲು ಹತ್ತಿದರೂ ಹತ್ತಬಹುದು. ಬಹುಕಾಲದಿಂದ ಯಾವ ಸದ್ದನ್ನೂ ಮಾಡದಿರುವವರಿಗೆ ‘ಈ ಪತ್ರ ಇನ್ನೂ ಬೇಕೆ?’ ಎಂದು ಒಮ್ಮೆ ಕೇಳಿ, ಉತ್ತರ ಬಾರದಿದ್ದರೆ ಹೆಸರನ್ನು ತಾನೇ ತೆಗೆದುಹಾಕುವ ವರ್ತಕ ಜಾಣ. 800 ಹೆಸರು 600ಕ್ಕೆ ಇಳಿದರೆ ನಷ್ಟವಾದುದು ಸಂಖ್ಯೆ ಮಾತ್ರ.

ಮನೆಯೊಳಗಿರುವವರು ‘ಬನ್ನಿ’ ಎಂದ ಮೇಲೆಯೇ ಒಳಗೆ ಹೋಗುವುದು, ಬರಿಗೈಯಲ್ಲಿ ಹೋಗದಿರುವುದು, ಹೇಳಬೇಕಾದುದನ್ನು ಹೇಳಿ ಹೊತ್ತು ಮೀರುವ ಮೊದಲು ಏಳುವುದು, ಇವು ನೆಂಟಸ್ತಿಕೆಯ ಹಳೆಯ ಮರ್ಯಾದೆಗಳು. ಬೆಳಗಿನ ಹತ್ತಾರು ಪತ್ರಗಳನ್ನು ಅಳಿಸುತ್ತ ಬಂದ ಬೆರಳು ಒಂದರ ಮುಂದೆ ನಿಂತಿತಲ್ಲ, ಅದನ್ನು ಕಳುಹಿಸಿದವನು ಈ ಮರ್ಯಾದೆಗಳನ್ನು ಮರೆತಿರಲಿಲ್ಲ ಎಂಬುದೇ ಅದರ ಗುಟ್ಟು.